ಹಕ್ಕಿಗಳಿಲ್ಲದ ಹಕ್ಕಿಗಳ ಕೂಗು

ಆಲ್‌ಫ್ರೆಡ್ ಹಿಚ್‌ಕಾಕ್ ನಿರ್ದೇಶನದ 'ದಿ ಬರ್ಡ್ಸ್' ಚಿತ್ರ 1963ರಲ್ಲಿ ತೆರೆಕಂಡಿತು. ಕ್ಯಾಲಿಫೋರ್ನಿಯಾದ ಬೊಡೆಗಾ ಬೇ ಎಂಬ ಕಡಲ ತೀರದ ಊರಿನ ಮೇಲೆ ಕಾಗೆ, ಗುಬ್ಬಿ, ಕಡಲಹಕ್ಕಿಗಳು ವಿನಾಕಾರಣ ಎರಗುವ ಕಥೆ ಅದು. ಇಂಥ ಚಿತ್ರಕ್ಕೆ ಹಿನ್ನೆಲೆ ಸಂಗೀತವೇ ಇಲ್ಲವೆಂದರೆ ಆಶ್ಚರ್ಯವಾದೀತು. ಪ್ರೇಕ್ಷಕರ ಎದೆ ನಡುಗಿಸಿದ್ದು ಹಕ್ಕಿಗಳ ಕೂಗು ಮತ್ತು ರೆಕ್ಕೆಗಳ ಬಡಿತ. ಅವುಗಳಲ್ಲಿ ಅನೇಕವು ಯಾವ ಹಕ್ಕಿಯ ಗಂಟಲಿನಿಂದಲೂ ಹೊರಟವಲ್ಲ. ಬರ್ಲಿನ್ನಿನ ಒಂದು ಸ್ಟುಡಿಯೋದಲ್ಲಿ, ವಿದ್ಯುತ್ ವಾದ್ಯವೊಂದರಿಂದ ಹುಟ್ಟಿದವು.

ಆ ವಾದ್ಯದ ಹೆಸರು ಟ್ರೌಟೋನಿಯಂ. ಜರ್ಮನಿಯ ಫ್ರೀಡ್ರಿಖ್ ಟ್ರೌಟ್‌ವೈನ್ 1930ರ ಸುಮಾರಿಗೆ ಬರ್ಲಿನ್ನಿನಲ್ಲಿ ಅದನ್ನು ರೂಪಿಸಿದರು. ಸಂಗೀತಗಾರ ಪಾಲ್ ಹಿಂಡೆಮಿತ್ ಅದಕ್ಕಾಗಿ ಕೃತಿಗಳನ್ನು ರಚಿಸಿದರು. ಹಿಂಡೆಮಿತ್ ಅವರ ಶಿಷ್ಯ ಆಸ್ಕರ್ ಸಾಲಾ ಈ ವಾದ್ಯಕ್ಕೇ ತಮ್ಮ ಬದುಕನ್ನು ಮುಡಿಪಾಗಿಟ್ಟರು. ಅದನ್ನು ಸುಧಾರಿಸಿ 'ಮಿಕ್ಸ್ಚರ್ ಟ್ರೌಟೋನಿಯಂ' ಎಂಬ ಹೊಸ ರೂಪ ಕೊಟ್ಟರು.

ಹಾರ್ಮೋನಿಯಂನಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಂತಿಲ್ಲ. ಅದರ ಮೇಲೆ ಗಮಕ ನುಡಿಸಲು ಬಾರದೆಂಬ ಹಳೆಯ ಆಕ್ಷೇಪಕ್ಕೆ ಕಾರಣವೂ ಇದೇ. ಟ್ರೌಟೋನಿಯಂನಲ್ಲಿ ಮನೆಗಳೇ ಇಲ್ಲ. ಲೋಹದ ಪಟ್ಟಿಯ ಮೇಲೆ ಒಂದು ತಂತಿ ಬಿಗಿದಿರುತ್ತದೆ. ಬೆರಳಿನಿಂದ ಎಲ್ಲಿ ಒತ್ತಿದರೆ ಅಲ್ಲಿಗೆ ತಕ್ಕ ಸ್ವರ. ಬೆರಳು ಜಾರಿದರೆ ಸ್ವರವೂ ಜಾರುತ್ತದೆ. ಹೆಚ್ಚು ಅದುಮಿದರೆ ಧ್ವನಿ ಏರುತ್ತದೆ. ಫಿಲ್ಟರುಗಳ ಮೂಲಕ ನಾದದ ಬಣ್ಣ ಬದಲಿಸಬಹುದು. ಹಕ್ಕಿಯ ಕೂಗಿನ ಗುಟ್ಟೂ ಹೀಗೆ ಜಾರುವ, ನಡುಗುವ, ಥಟ್ಟನೆ ನಿಲ್ಲುವ ಸ್ವರದಲ್ಲೇ ಇದೆ.

ಸಾಲಾ ಈ ಕೆಲಸವನ್ನು ಅಮೆರಿಕದ ಸಂಗೀತ ಸಂಯೋಜಕ ರೆಮಿ ಗ್ಯಾಸ್‌ಮನ್ ಜೊತೆಗೂಡಿ ಮಾಡಿದರು. 'ಸೈಕೋ' ಚಿತ್ರಕ್ಕೆ ತಂತಿವಾದ್ಯಗಳಿಂದಲೇ ಭಯ ಹುಟ್ಟಿಸಿದ್ದ ಬರ್ನಾರ್ಡ್ ಹರ್ಮನ್ ಇಲ್ಲಿ ಸ್ವರ ಸಂಯೋಜಿಸದೆ ಧ್ವನಿ ಸಲಹೆಗಾರರಾಗಿ ಉಳಿದರು.

ನಿಜವಾದ ಹಕ್ಕಿಗಳನ್ನೇ ಧ್ವನಿಮುದ್ರಿಸಿಕೊಂಡಿದ್ದರೆ ಸಾಕಿತ್ತಲ್ಲ ಎಂದು ಕೇಳಬಹುದು. ಕಾಗೆಯ ಕೂಗು ನಮಗೆ ದಿನನಿತ್ಯದ್ದು. ಅದರಿಂದ ಯಾರೂ ಬೆಚ್ಚುವುದಿಲ್ಲ. ಹಿಚ್‌ಕಾಕ್‌ಗೆ ಬೇಕಾಗಿದ್ದುದು ಮಾತಿನಂತೆ ಅರ್ಥ ಹೊರಡಿಸುವ ಕೂಗು. ಒಂದೆಡೆ ಅದು ಬೆದರಿಕೆ, ಮತ್ತೊಂದೆಡೆ ಹೊಂಚು. ಪರಿಚಿತ ಹಕ್ಕಿಯಂತೆಯೇ ಕೇಳಿಸಬೇಕು, ಆದರೆ ಎಲ್ಲೋ ಏನೋ ತಪ್ಪಿದೆ ಎಂದು ಕಿವಿಗೆ ಅನ್ನಿಸಬೇಕು. ನಿಸರ್ಗವೇ ಮನುಷ್ಯನ ವಿರುದ್ಧ ತಿರುಗಿಬಿದ್ದ ಕಥೆಗೆ ಅದೇ ಜೀವಾಳ.

ಚಿತ್ರದ ಕೊನೆಯ ದೃಶ್ಯ ಇನ್ನೂ ಸೂಕ್ಷ್ಮವಾದದ್ದು. ಸಾವಿರಾರು ಹಕ್ಕಿಗಳು ಸುಮ್ಮನೆ ಕುಳಿತಿವೆ. ಅವುಗಳ ನಡುವೆ ಕುಟುಂಬವೊಂದು ಉಸಿರು ಬಿಗಿಹಿಡಿದು ಊರು ಬಿಡುತ್ತಿದೆ. ಅಲ್ಲಿಗೆ ಹಿಚ್‌ಕಾಕ್ ಕೇಳಿದ್ದು ಮೌನವನ್ನು. ಆದರೆ ಅದು ಬರಿಯ ಮೌನವಲ್ಲ, ವಿದ್ಯುತ್ತಿನಿಂದ ತಯಾರಿಸಿದ ಮೌನ: ದೂರದ ಕಡಲಿನ ಮೊರೆತವಿರಬಹುದೇ ಎನ್ನಿಸುವ ಏಕತಾನದ ಸಣ್ಣ ಗುಂಯ್‌ಗಾನ.

ಸಾಲಾ 2002ರಲ್ಲಿ ತೀರಿಕೊಂಡರು. ಅವರ ವಾದ್ಯ ಮ್ಯೂನಿಕ್ಕಿನ ಡಾಯ್ಚಸ್ ಮ್ಯೂಸಿಯಂ ಸೇರಿತು. ಇಂದು ಚಲನಚಿತ್ರಗಳ ಮಳೆ, ಗಾಳಿ, ಕಾಡುಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವುದು ಸಾಮಾನ್ಯ ಸಂಗತಿ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಕಿವಿಯಾರೆ ಕೇಳಿದ್ದಕ್ಕೂ ಆ ಮಾತು ಅನ್ವಯಿಸುತ್ತದೆಂದು ತೋರಿಸಿಕೊಟ್ಟದ್ದು ಒಂದು ತಂತಿಯ ಮೇಲೆ ಜಾರಿದ ಬೆರಳು.