ಕರಿ ಪತಂಗ ನುಡಿದ ಸಾಕ್ಷ್ಯ

ಪರಿಸರಕ್ಕೆ ಒಗ್ಗುವ ಜೀವಿಗಳು ಉಳಿದು, ಒಗ್ಗದವು ಅಳಿಯುತ್ತವೆ ಎಂದು ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಪ್ರತಿಪಾದಿಸಿದರು. ಈ ಆಯ್ಕೆ ಬಹು ನಿಧಾನ, ಮನುಷ್ಯನ ಕಣ್ಣಿಗೆ ಬೀಳುವಂಥದಲ್ಲ ಎಂದೇ ಅವರು ಭಾವಿಸಿದ್ದರು. ಆದರೆ ಅವರ ನಾಡಿನಲ್ಲೇ ಅದು ಎಲ್ಲರ ಕಣ್ಣೆದುರು ನಡೆದಿತ್ತು.

ಬಿಳಿ ರೆಕ್ಕೆಗೆ ಮೆಣಸಿನ ಪುಡಿ ಉದುರಿಸಿದಂತೆ ಕಾಣುವ ಪತಂಗವೊಂದು ಇಂಗ್ಲೆಂಡಿನಲ್ಲಿದೆ. ಕಲ್ಲುಹೂವು ಬೆಳೆದ ಮರದ ಮೇಲೆ ಕುಳಿತರೆ ಅದು ಹಕ್ಕಿಗಳಿಗೆ ಸುಲಭವಾಗಿ ಕಾಣದು. 1848ರಲ್ಲಿ ಮ್ಯಾಂಚೆಸ್ಟರಿನಲ್ಲಿ ಇದರ ಅಚ್ಚ ಕರಿಯ ರೂಪ ದಾಖಲಾಯಿತು. 1895ರ ವೇಳೆಗೆ ಅಲ್ಲಿನ ಪತಂಗಗಳಲ್ಲಿ ನೂರಕ್ಕೆ 98 ಕರಿಯವೇ ಆಗಿದ್ದವು. ಗಿರಣಿಗಳ ಹೊಗೆಗೆ ಕಲ್ಲುಹೂವು ಸತ್ತು ತೊಗಟೆಗಳು ಮಸಿ ಹಿಡಿದಿದ್ದವು. ಬಿಳಿಯವು ಹಕ್ಕಿಗಳ ಬಾಯಿಗೆ ಬೀಳುತ್ತಿವೆ ಎಂದು ಕೀಟತಜ್ಞ ಟಟ್ 1896ರಲ್ಲಿ ಊಹಿಸಿದರು.

ಊಹೆಯನ್ನು ಪರೀಕ್ಷೆಗೆ ಒಡ್ಡಿದವರು ಬರ್ನಾರ್ಡ್ ಕೆಟಲ್‌ವೆಲ್. 1953ರಲ್ಲಿ ಬರ್ಮಿಂಗ್‌ಹ್ಯಾಮ್ ಬಳಿಯ ಮಸಿ ಹಿಡಿದ ಕಾಡಿನಲ್ಲಿ ಗುರುತು ಹಾಕಿದ ಪತಂಗಗಳನ್ನು ಬಿಟ್ಟು ಮರಳಿ ಹಿಡಿದಾಗ ಕರಿಯವೇ ಹೆಚ್ಚಾಗಿ ಸಿಕ್ಕವು. 1955ರಲ್ಲಿ ಡಾರ್ಸೆಟ್‌ನ ಶುಭ್ರ ಕಾಡಿನಲ್ಲಿ ಫಲಿತಾಂಶ ತಿರುವುಮುರುವಾಯಿತು. ಪ್ರಯೋಗ ಪಠ್ಯಪುಸ್ತಕಗಳನ್ನು ಸೇರಿತು.

ಕ್ರಮೇಣ ಆಕ್ಷೇಪಗಳೂ ಎದ್ದವು. ಪತಂಗಗಳನ್ನು ಕಾಂಡದ ಮೇಲೆ ಕೈಯಾರೆ ಕೂರಿಸಿದ್ದು, ಒಂದೆಡೆ ವಿಪರೀತವಾಗಿ ಬಿಟ್ಟಿದ್ದು ಸಹಜವೇ ಎಂಬ ಪ್ರಶ್ನೆ ಬಂತು. 2002ರಲ್ಲಿ ಪ್ರಕಟವಾದ ಪುಸ್ತಕವೊಂದು ವಂಚನೆಯ ಗುಮಾನಿಯನ್ನೇ ಎತ್ತಿತು. ವಿಕಾಸವಾದದ ವಿರೋಧಿಗಳಿಗೆ ಅಷ್ಟೇ ಸಾಕಾಯಿತು.

ಕೇಂಬ್ರಿಡ್ಜ್‌ನ ಮೈಕೇಲ್ ಮಜೆರಸ್ ಸ್ವತಃ ಹಳೆಯ ಪ್ರಯೋಗದ ಲೋಪಗಳನ್ನು ತೋರಿಸಿದ್ದವರು. ಅವರು ವಾದಕ್ಕೆ ಇಳಿಯಲಿಲ್ಲ. 2001ರಿಂದ 2007ರವರೆಗೆ ತಮ್ಮ ತೋಟದಲ್ಲಿ 4,864 ಪತಂಗಗಳನ್ನು ಬಿಟ್ಟರು. ದಿನಕ್ಕೆ ಕೆಲವನ್ನೇ ಬಿಟ್ಟು, ಕೂರುವ ಜಾಗವನ್ನು ಅವುಗಳ ಆಯ್ಕೆಗೇ ಬಿಟ್ಟುಕೊಟ್ಟರು. ಅಷ್ಟರಲ್ಲಿ 1956ರ ಶುದ್ಧ ಗಾಳಿ ಕಾಯ್ದೆಯ ನಂತರ ಹೊಗೆ ತಗ್ಗಿ, ಮರಗಳು ಮತ್ತೆ ಬೆಳ್ಳಗಾಗುತ್ತಿದ್ದವು. ಟಟ್ ಊಹೆ ನಿಜವಾದರೆ ಈಗ ಕರಿಯವೇ ಹೆಚ್ಚು ಬಲಿಯಾಗಬೇಕಿತ್ತು. ಹಾಗೇ ಆಯಿತು. 2009ರಲ್ಲಿ ಮಜೆರಸ್ ತೀರಿಕೊಂಡರು. ಅವರ ಲೆಕ್ಕಗಳನ್ನು ನಾಲ್ವರು ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದರು.

ಕಪ್ಪು ಬಣ್ಣಕ್ಕೆ ಕಾರಣವಾದ ಡಿಎನ್‌ಎ ತುಣುಕು 2016ರಲ್ಲಿ ಪತ್ತೆಯಾಯಿತು. ಅದು ಸುಮಾರು 1819ರಲ್ಲಿ ಆಕಸ್ಮಿಕವಾಗಿ ಸೇರಿಕೊಂಡಿತೆಂಬುದು ಅಂದಾಜು. ಹೊಗೆ ಪತಂಗಕ್ಕೆ ಬಣ್ಣ ಬಳಿಯಲಿಲ್ಲ. ಎಲ್ಲೋ ಹುಟ್ಟಿದ ಕರಿಯ ರೂಪಕ್ಕೆ ಬಾಳುವ ಎಡೆ ಮಾಡಿಕೊಟ್ಟಿತು. ಇಲ್ಲಿ ಹೊಸ ಜೀವಜಾತಿಯೇನೂ ಹುಟ್ಟಲಿಲ್ಲ, ನಿಜ. ಆದರೆ ನಿಸರ್ಗ ಹೇಗೆ ಆಯ್ಕೆ ಮಾಡುತ್ತದೆ ಎಂಬುದಕ್ಕೆ ಸಾಕ್ಷ್ಯ ದೊರೆಯಿತು. ಅದನ್ನು ಗಟ್ಟಿಗೊಳಿಸಿದ್ದು ಅದನ್ನು ಶಂಕಿಸಿದವರ ದುಡಿಮೆಯೇ.