ವೃದ್ಧರ ಡಿಸ್ಚಾರ್ಜ್ ನಂತರದ ಆರೈಕೆ

ಆಸ್ಪತ್ರೆಯಿಂದ ಮನೆಗೆ ಮರಳಿದ ಹಿರಿಯರಿಗೆ ಮೊದಲ ಕೆಲವು ವಾರ ಬೇಕಾಗುವ ಔಷಧದ ಉಸ್ತುವಾರಿ, ಗಾಯದ ಶುಶ್ರೂಷೆ, ವ್ಯಾಯಾಮ, ಮರುತಪಾಸಣೆಗಳ ವ್ಯವಸ್ಥೆ. ಇದು ಆಸ್ಪತ್ರೆಯದೇ ಹೊಣೆಯೆಂಬ ತಿಳಿವಳಿಕೆಗೆ ಹೆಚ್ಚು ವಯಸ್ಸಾಗಿಲ್ಲ. ನ್ಯೂಯಾರ್ಕಿನ ಮಾಂಟಿಫಿಯೋರ್ ಆಸ್ಪತ್ರೆ 1947ರಲ್ಲಿ ರೋಗಿಗಳ ಮನೆಗೇ ಸೇವೆ ಒಯ್ಯತೊಡಗಿತು. ಫಿಲಡೆಲ್ಫಿಯಾದಲ್ಲಿ ಸಂಶೋಧಕಿ ಮೇರಿ ನೇಯ್ಲರ್ ಅವರ ತಂಡ 65 ವರ್ಷ ತುಂಬಿದ 363 ರೋಗಿಗಳ ಅಧ್ಯಯನವನ್ನು 1999ರಲ್ಲಿ ಪ್ರಕಟಿಸಿತು. ವಿಶೇಷ ತರಬೇತಿ ಪಡೆದ ದಾದಿಯರು ಮನೆಗೆ ಹೋಗಿ ನೋಡಿಕೊಂಡವರಲ್ಲಿ 24 ವಾರಗಳೊಳಗೆ ಮತ್ತೆ ದಾಖಲಾದವರು ಶೇ. 20.3, ಉಳಿದವರಲ್ಲಿ ಶೇ. 37.1.

ಕರ್ನಾಟಕದಲ್ಲಿ ಹಣ ಮತ್ತು ಹಾಸಿಗೆಯ ಏರ್ಪಾಡು ಮೊದಲು ಬಂತು, ಮನೆಯ ಆರೈಕೆ ಹಿಂದುಳಿಯಿತು. 2003ರ ಯಶಸ್ವಿನಿ ಯೋಜನೆ ಸಹಕಾರಿ ಸಂಘದ ರೈತರ ಶಸ್ತ್ರಚಿಕಿತ್ಸೆಯ ಖರ್ಚು ಹೊತ್ತಿತು. 2007ರ ಹಿರಿಯ ನಾಗರಿಕರ ಕಾಯ್ದೆ ಆಸ್ಪತ್ರೆಯಲ್ಲಿ ಹಾಸಿಗೆ, ಪ್ರತ್ಯೇಕ ಸರತಿಯ ಮಾತಾಡಿತು. 2010-11ರ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮ ಜಿಲ್ಲಾಸ್ಪತ್ರೆಗೆ 10 ಹಾಸಿಗೆಯ ವಾರ್ಡನ್ನೂ ಮನೆಬಿಟ್ಟು ಹೊರಬರಲಾಗದವರಿಗೆ ಉಪಕೇಂದ್ರದ ಸಿಬ್ಬಂದಿಯ ಭೇಟಿಯನ್ನೂ ಸೂಚಿಸಿತು. 2018ರ ಆಯುಷ್ಮಾನ್ ಭಾರತ್ ಡಿಸ್ಚಾರ್ಜ್ ನಂತರದ 15 ದಿನಗಳ ಔಷಧ, ಪರೀಕ್ಷೆಗಳ ವೆಚ್ಚವನ್ನು ಸೇರಿಸಿಕೊಂಡಿತು. ಆದರೆ ವೆಚ್ಚ ಭರಿಸುವುದು ಬೇರೆ, ಮನೆ ಬಾಗಿಲಿಗೆ ಬಂದು ನೋಡುವುದು ಬೇರೆ. ಅಜ್ಜಂಪುರ ತಾಲ್ಲೂಕಿನ ಬುಕ್ಕಾಂಬುಧಿಯಂಥ ಊರಿನವರಿಗೆ ಜಿಲ್ಲಾಸ್ಪತ್ರೆ ಇರುವುದು ದೂರದ ಚಿಕ್ಕಮಗಳೂರಿನಲ್ಲಿ. ಡಿಸ್ಚಾರ್ಜ್ ಚೀಟಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. 1-0-1 ಎಂದರೆ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಯಾರಾದರೂ ಬಿಡಿಸಿ ಹೇಳಬೇಕು. ಹಳೆಯ ಬಿ.ಪಿ. ಮಾತ್ರೆ ಡಬ್ಬಿಯಲ್ಲೇ ಇರುತ್ತದೆ, ಅದೇ ಔಷಧ ಬೇರೆ ಕಂಪನಿಯ ಹೆಸರಲ್ಲಿ ಹೊಸ ಕವರಿನಲ್ಲೂ ಬಂದಿರಬಹುದು. ಎರಡನ್ನೂ ನುಂಗಿದರೆ ರಕ್ತದೊತ್ತಡ ಇಳಿದು ತಲೆಸುತ್ತಿ ಬೀಳುವ ಅಪಾಯವಿದೆ.

ಡಿಸ್ಚಾರ್ಜ್ ನಂತರ ನೋಡಿಕೊಳ್ಳುವುದು ಮನೆಮಕ್ಕಳ ಕೆಲಸ, ಸರ್ಕಾರದ್ದಲ್ಲ ಎಂಬ ಆಕ್ಷೇಪವಿದೆ. ಮನೆಯವರ ಪ್ರೀತಿ ದೊಡ್ಡದು ನಿಜ; ಆದರೆ ಭಾರತದ 14 ಆಸ್ಪತ್ರೆಗಳ 1,250 ಪಾರ್ಶ್ವವಾಯು ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನೆಯವರಿಗೆ ತರಬೇತಿ ಕೊಟ್ಟು ವ್ಯಾಯಾಮ ಮಾಡಿಸಿದರೂ ಆರು ತಿಂಗಳ ನಂತರ ಸಾವು, ಪರಾವಲಂಬನೆ ಕಡಿಮೆಯಾಗಲಿಲ್ಲ. ಕೆಲವು ಭೇಟಿಗಳಲ್ಲಿ ಕಲಿಸಿ ಪರಿಣತರ ಕೆಲಸವನ್ನು ಬಂಧುಗಳಿಗೆ ದಾಟಿಸುವುದು ಸಾಲದೆಂಬುದಕ್ಕೆ ಇದು ಸಾಕ್ಷಿ. ಮನೆಭೇಟಿ ಮಾಡಬೇಕಾದ ಆಶಾ ಕಾರ್ಯಕರ್ತೆಯರಿಗೆ ಈಗಾಗಲೇ ಹೊರೆ ಹೆಚ್ಚೆಂಬ ಎರಡನೇ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅದಕ್ಕೆ ಉತ್ತರ ಗೌರವಧನ ಮತ್ತು ಸಿಬ್ಬಂದಿಯನ್ನು ಹೆಚ್ಚಿಸುವುದು, ಭೇಟಿಯನ್ನೇ ಕೈಬಿಡುವುದಲ್ಲ. 2011ರಿಂದ ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುವಿಗೆ 3, 7, 14, 21, 28, 42ನೇ ದಿನಗಳಲ್ಲಿ ಆಶಾ ಕಾರ್ಯಕರ್ತೆಯ ಭೇಟಿ ಗೊತ್ತುಪಡಿಸಲಾಗಿದೆ. ಬಾಣಂತಿಯನ್ನು ಮನೆಗೆ ಬಿಡಲು ಉಚಿತ ವಾಹನವೂ ಉಂಟು. ಹಿರಿಯರಿಗೂ ಹೀಗೆ ದಿನಾಂಕ ನಿಗದಿಯಾದ ಭೇಟಿ ಬೇಕು. ಮೊದಲ ಭೇಟಿ ಡಿಸ್ಚಾರ್ಜ್ ಆದ ವಾರದೊಳಗೇ ನಡೆಯಬೇಕು.