ಪೂರ್ವಾಧ್ಯಯನಗಳ ಶೋಧ ಮತ್ತು ಪರಿಶೀಲನೆ: ‘ವಡ್ಡಾರಾಧನೆ’ಯ ಅಧ್ಯಯನ ಚರಿತ್ರೆಯ ಒಂದು ನಿದರ್ಶನ

ತನಗಿಂತ ಹಿಂದೆ ಬರೆದವರನ್ನು ನೆನೆದು ಅನಂತರ ತನ್ನ ಮಾತನ್ನು ಮಂಡಿಸುವ ಕ್ರಮ ಕನ್ನಡಕ್ಕೆ ಹೊಸದಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿ ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರು ಗದ್ಯಕಾರರೆಂದು ಉಲ್ಲೇಖಗೊಂಡಿದ್ದಾರೆ. ಇವರ ಕನ್ನಡ ಗದ್ಯಕೃತಿಗಳಲ್ಲಿ ಒಂದೂ ನಮ್ಮವರೆಗೆ ಉಳಿದುಬಂದಿಲ್ಲ. ಆದರೂ ಕನ್ನಡ ಗದ್ಯದ ಪ್ರಾಚೀನತೆಯನ್ನು ಕುರಿತು ನಾವು ಮಾತನಾಡಬಲ್ಲೆವಾದರೆ ಅದಕ್ಕೆ ಈ ಒಂದು ಉಲ್ಲೇಖವೇ ಮುಖ್ಯ ಆಧಾರ. ಪೂರ್ವಿಕರ ಹೆಸರನ್ನು ದಾಖಲಿಸುವುದು ಬರಿಯ ಸೌಜನ್ಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಇಂದಿನ ಸಂಶೋಧನ ಪ್ರಬಂಧಗಳಲ್ಲಿ ‘ಪೂರ್ವಾಧ್ಯಯನಗಳ ಸಮೀಕ್ಷೆ’ ಎಂಬ ಅಧ್ಯಾಯ ಕಡ್ಡಾಯವಾಗಿ ಇರುತ್ತದೆ. ಆದರೆ ಅನೇಕ ಪ್ರಬಂಧಗಳಲ್ಲಿ ಅದು ಗ್ರಂಥಗಳ ಹೆಸರುಗಳ ಪಟ್ಟಿಯಾಗಿ ನಿಂತುಬಿಡುತ್ತದೆ. ಪಟ್ಟಿಯ ಕೊನೆಗೆ “ಈ ವಿಷಯವನ್ನು ಕುರಿತು ಈವರೆಗೆ ಯಾರೂ ಅಧ್ಯಯನ ನಡೆಸಿಲ್ಲ” ಎಂಬ ವಾಕ್ಯ ಬರುತ್ತದೆ. ಸಂಶೋಧಕನು ಬರೆಯಬಹುದಾದ ವಾಕ್ಯಗಳಲ್ಲಿ ಅತ್ಯಂತ ಹೊಣೆಗಾರಿಕೆಯದು ಇದು. ಇದು ಸುಳ್ಳಾದರೆ ಹಿಂದಿನ ವಿದ್ವಾಂಸನೊಬ್ಬನ ಶ್ರಮ ಅಳಿಸಿಹೋಗುತ್ತದೆ. ಆಗಲೇ ಬಗೆಹರಿದ ಪ್ರಶ್ನೆಗೆ ಮತ್ತೆ ನಾಲ್ಕಾರು ವರ್ಷಗಳು ವ್ಯಯವಾಗುತ್ತವೆ. ಆದುದರಿಂದ ಪೂರ್ವಾಧ್ಯಯನಗಳನ್ನು ಹುಡುಕುವುದು ಹೇಗೆ, ಹುಡುಕಿದ್ದನ್ನು ಪರಿಶೀಲಿಸುವುದು ಹೇಗೆ ಎಂಬುದನ್ನು ಒಂದು ಕೃತಿಯ ಅಧ್ಯಯನ ಚರಿತ್ರೆಯ ಮೂಲಕ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಆ ಕೃತಿ ‘ವಡ್ಡಾರಾಧನೆ’.

ನಮಗೆ ದೊರೆತಿರುವ ಕನ್ನಡ ಗದ್ಯಗ್ರಂಥಗಳಲ್ಲಿ ಪ್ರಾಚೀನತಮವಾದ ಈ ಕೃತಿಯಲ್ಲಿ 19 ಕಥೆಗಳಿವೆ. ಇದನ್ನು ಹತ್ತನೆಯ ಶತಮಾನದ ಆದಿಭಾಗಕ್ಕೆ ಸೇರಿಸುವುದು ವಾಡಿಕೆ. ಕರ್ತೃ ಶಿವಕೋಟ್ಯಾಚಾರ್ಯನೆಂದು ಪಠ್ಯಪುಸ್ತಕಗಳು ಹೇಳುತ್ತ ಬಂದಿವೆ. ಈ ಕೃತಿಯನ್ನು ಕುರಿತು ಸಂಶೋಧನೆ ಕೈಗೊಳ್ಳುವ ವಿದ್ಯಾರ್ಥಿ ಎಲ್ಲಿಂದ ಆರಂಭಿಸಬೇಕು?

ಸಾಮಾನ್ಯ ಆಕರಗಳಿಂದ ವಿಶೇಷ ಆಕರಗಳತ್ತ ಸಾಗುವುದು ಮೊದಲ ಸೂತ್ರ. ಕನ್ನಡದಲ್ಲಿ ಇಂತಹ ಸಾಮಾನ್ಯ ಆಕರಗಳಿಗೇ ಒಂದು ಚರಿತ್ರೆಯಿದೆ. ಕಿಟ್ಟೆಲರು 1875ರಲ್ಲಿ ಮಂಗಳೂರಿನಿಂದ ನಾಗವರ್ಮನ ಛಂದೋಗ್ರಂಥವನ್ನು ಪ್ರಕಟಿಸಿದಾಗ ಅದರ ಪೀಠಿಕೆಯಲ್ಲಿ ಕನ್ನಡ ಸಾಹಿತ್ಯದ ಸ್ಥೂಲ ಚರಿತ್ರೆಯನ್ನು ಕೊಟ್ಟರು. ರೈಸ್ ಅವರು 1890ರಲ್ಲಿ ಹೊರತಂದ ‘ಕರ್ಣಾಟಕ ಶಬ್ದಾನುಶಾಸನ’ದ ಪೀಠಿಕೆಯಲ್ಲಿ ಕವಿಗಳ ಕಾಲವಿಚಾರ ಇನ್ನಷ್ಟು ವಿಸ್ತಾರಗೊಂಡಿತು. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು 1907, 1919 ಮತ್ತು 1929ರಲ್ಲಿ ಬಂದವು, ಮೊದಲ ಸಂಪುಟದ ಪರಿಷ್ಕೃತ ಮುದ್ರಣ 1924ರಲ್ಲಿ ಹೊರಬಂದಿತು. ಗಮನಿಸಬೇಕಾದ ಸಂಗತಿಯೆಂದರೆ, ಈ ಪರಂಪರೆಯ ಮೊದಲ ಎರಡು ಬರಹಗಳು ಸ್ವತಂತ್ರ ಗ್ರಂಥಗಳಲ್ಲ. ಛಂದಸ್ಸು ಮತ್ತು ವ್ಯಾಕರಣ ಗ್ರಂಥಗಳ ಪೀಠಿಕೆಗಳು. ಕನ್ನಡ ಸಂಶೋಧನೆಯ ಬಹುಭಾಗ ಹೀಗೆ ಪೀಠಿಕೆ, ಅನುಬಂಧ, ಅಡಿಟಿಪ್ಪಣಿಗಳಲ್ಲಿ ಅಡಗಿದೆ. ಗ್ರಂಥದ ಹೆಸರನ್ನಷ್ಟೇ ನೋಡಿ ಮುಂದೆ ಸಾಗುವವನಿಗೆ ಅದು ಕಾಣುವುದಿಲ್ಲ.

‘ವಡ್ಡಾರಾಧನೆ’ಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟವಾಗಿದೆ. ಡಿ. ಎಲ್. ನರಸಿಂಹಾಚಾರ್ಯರು ಸಂಪಾದಿಸಿದ ಗ್ರಂಥ 1949ರಲ್ಲಿ ಪ್ರಕಟವಾಯಿತು. ಸಹಜವಾಗಿ ವಿದ್ಯಾರ್ಥಿಗಳು ಅಲ್ಲಿಂದಲೇ ಪೂರ್ವಾಧ್ಯಯನದ ಪಟ್ಟಿಯನ್ನು ಆರಂಭಿಸುತ್ತಾರೆ. ಆದರೆ ಅದಕ್ಕೆ ಆರು ವರ್ಷ ಮೊದಲೇ, 1943ರಲ್ಲಿ, ಮುಂಬಯಿಯ ಸಿಂಘೀ ಜೈನ ಗ್ರಂಥಮಾಲೆಯಲ್ಲಿ ಹರಿಷೇಣನ ‘ಬೃಹತ್ಕಥಾಕೋಶ’ ಎಂಬ ಸಂಸ್ಕೃತ ಗ್ರಂಥ ಪ್ರಕಟವಾಗಿತ್ತು. ಸಂಪಾದಕರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಪ್ರಾಧ್ಯಾಪಕರಾಗಿದ್ದ ಕನ್ನಡಿಗ ಆ. ನೇ. ಉಪಾಧ್ಯೆ. ಅದಕ್ಕೆ ಅವರು ಬರೆದ ದೀರ್ಘವಾದ ಇಂಗ್ಲಿಷ್ ಪೀಠಿಕೆಯಲ್ಲಿ ‘ಭಗವತೀ ಆರಾಧನೆ’ ಎಂಬ ಪ್ರಾಕೃತ ಗ್ರಂಥದ ಸುತ್ತ ಬೆಳೆದ ಕಥಾಕೋಶಗಳ ಪರಂಪರೆಯನ್ನು ವಿವೇಚಿಸುತ್ತ, ‘ವಡ್ಡಾರಾಧನೆ’ಗೂ ಆ ಪರಂಪರೆಯಲ್ಲಿ ಸ್ಥಾನ ಕಲ್ಪಿಸಿದ್ದಾರೆ. ಕನ್ನಡದ ಆದ್ಯ ಗದ್ಯಗ್ರಂಥವನ್ನು ಕುರಿತ ಒಂದು ಮುಖ್ಯ ಅಧ್ಯಯನ ಹೀಗೆ ಸಂಸ್ಕೃತ ಗ್ರಂಥವೊಂದರ ಒಳಗೆ, ಇಂಗ್ಲಿಷಿನಲ್ಲಿ, ಮುಂಬಯಿಯಲ್ಲಿ ಅಚ್ಚಾಗಿದೆ. ಕನ್ನಡ ವಿಭಾಗದ ಕಪಾಟಿನಲ್ಲಿ ಮಾತ್ರ ಹುಡುಕುವವನಿಗೆ ಅದು ಸಿಗುವ ಸಂಭವ ಕಡಮೆ.

ಕರ್ತೃತ್ವದ ಪ್ರಶ್ನೆಯೂ ಇಂತಹದೇ ಹಾದಿ ಹಿಡಿಯುತ್ತದೆ. ರಾಮಚಂದ್ರ ಮುಮುಕ್ಷುವಿನ ‘ಪುಣ್ಯಾಸ್ರವ ಕಥಾಕೋಶ’ ಎಂಬ ಸಂಸ್ಕೃತ ಗ್ರಂಥದಲ್ಲಿ ಭ್ರಾಜಿಷ್ಣು ಎಂಬವನ ಆರಾಧನಾ ಕರ್ಣಾಟ ಟೀಕೆಯ ಉಲ್ಲೇಖವಿದೆ. ಈ ಗ್ರಂಥ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ 1964ರಲ್ಲಿ ಹಿಂದಿ ಅನುವಾದದೊಡನೆ ಪ್ರಕಟವಾಯಿತು. ಈ ಉಲ್ಲೇಖದ ಬಲದಿಂದ ನಮ್ಮ ‘ವಡ್ಡಾರಾಧನೆ’ಯೇ ಭ್ರಾಜಿಷ್ಣುವಿನ ಆ ಟೀಕೆಯೆಂದು ವಾದಿಸಿದವರಲ್ಲಿ ಹಂಪ ನಾಗರಾಜಯ್ಯನವರು ಪ್ರಮುಖರು. ಬಿ. ಕೆ. ಖಡಬಡಿಯವರ ಇಂಗ್ಲಿಷ್ ಅಧ್ಯಯನವನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1979ರಲ್ಲಿ ಪ್ರಕಟಿಸಿತು. ಈ ವಾದಗಳಲ್ಲಿ ಯಾವುದನ್ನು ಒಪ್ಪಬೇಕೆಂಬುದು ಇಲ್ಲಿಯ ಚರ್ಚೆಯಲ್ಲ. ಆದರೆ ಇವೆಲ್ಲವನ್ನೂ ನೋಡದೆ “ಕರ್ತೃ ಶಿವಕೋಟ್ಯಾಚಾರ್ಯ” ಎಂದು ಒಂದೇ ವಾಕ್ಯದಲ್ಲಿ ಬರೆದರೆ ವಿವಾದದ ಒಂದು ಪಕ್ಷವನ್ನು ಸಿದ್ಧಾಂತವೆಂಬಂತೆ ಮುಂದಿಟ್ಟಂತಾಗುತ್ತದೆ.

ಈ ನಿದರ್ಶನದಿಂದ ಶೋಧದ ಕ್ರಮವನ್ನು ಹೀಗೆ ನಿರೂಪಿಸಬಹುದು. ಮೊದಲು ಕೃತಿಯ ಪ್ರಮಾಣಭೂತ ಸಂಪಾದನೆಯ ಪೀಠಿಕೆಯನ್ನು ಓದಬೇಕು. ಒಂದಕ್ಕಿಂತ ಹೆಚ್ಚು ಮುದ್ರಣಗಳಿದ್ದರೆ ಪೀಠಿಕೆಗಳನ್ನು ಹೋಲಿಸಬೇಕು, ಏಕೆಂದರೆ ಸಂಪಾದಕರು ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡಿರುವ ಸಾಧ್ಯತೆಯಿರುತ್ತದೆ. ಅಲ್ಲಿ ಹೆಸರಿಸಿದ ಬರಹಗಳನ್ನು ಹಿಡಿದು ಹಿಂದಕ್ಕೆ ಸಾಗಬೇಕು. ಅನಂತರ ಆ ಸಂಪಾದನೆಯನ್ನು ಉಲ್ಲೇಖಿಸಿದ ಬರಹಗಳನ್ನು ಹಿಡಿದು ಮುಂದಕ್ಕೆ ಬರಬೇಕು. ಮೂರನೆಯದಾಗಿ, ಕೃತಿಯ ನೆರೆಹೊರೆಯ ಗ್ರಂಥಗಳತ್ತ, ಅಂದರೆ ಅದರ ಮೂಲಗಳು, ಸಮಾನ ವಸ್ತುವಿನ ಅನ್ಯಭಾಷಾ ಕೃತಿಗಳು ಮತ್ತು ಅದೇ ಮತಪರಂಪರೆಯ ಇತರ ಗ್ರಂಥಗಳತ್ತ ಹೊರಳಬೇಕು. ಉಪಾಧ್ಯೆಯವರ ಪೀಠಿಕೆ ಸಿಗುವುದು ಈ ಮೂರನೆಯ ಹಂತದಲ್ಲಿ.

ನಾಲ್ಕನೆಯದು ಹಸ್ತಪ್ರತಿ ಸೂಚಿಗಳು. ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆ ಮೊದಲಾದ ಕಡೆಗಳ ತಾಳೆಗರಿ ಗ್ರಂಥಗಳಿಗೆ ಸಿದ್ಧಪಡಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ 1948ರಲ್ಲಿ ಪ್ರಕಟವಾದದ್ದು ಕಾಶಿಯ ಭಾರತೀಯ ಜ್ಞಾನಪೀಠದಿಂದ, ಹಿಂದಿಯಲ್ಲಿ. ಕರಾವಳಿಯ ಗ್ರಂಥಭಂಡಾರಗಳ ವಿವರಕ್ಕೆ ಕಾಶಿಯ ಪ್ರಕಟಣೆಯನ್ನು ನೋಡಬೇಕಾದ ಪರಿಸ್ಥಿತಿ ವಿಚಿತ್ರವೆನಿಸಿದರೂ ಸತ್ಯ. ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿಯೂ ಕನ್ನಡ ಹಸ್ತಪ್ರತಿಗಳ ದೊಡ್ಡ ಸಂಗ್ರಹವಿದೆ.

ಐದನೆಯದು ಶಾಸನಗಳು ಮತ್ತು ನಿಯತಕಾಲಿಕೆಗಳು. 1872ರಲ್ಲಿ ಮುಂಬಯಿಯಲ್ಲಿ ಆರಂಭವಾದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಫ್ಲೀಟ್ ಅವರು ಅನೇಕ ಕನ್ನಡ ಶಾಸನಗಳನ್ನು ಪ್ರಕಟಿಸಿದರು. ಕೊಪ್ಪಳದ ಕನ್ನಡ ಶಾಸನಗಳು 1935ರಲ್ಲಿ ಹೈದರಾಬಾದಿನ ಪುರಾತತ್ತ್ವ ಗ್ರಂಥಮಾಲೆಯಲ್ಲಿ ಬಂದವು. ತೆಲಂಗಾಣದ ಕರೀಂನಗರ ಪ್ರದೇಶದ ಕುರ್ಕ್ಯಾಲದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಲ್ಲಿರುವ ಜಿನವಲ್ಲಭನ ಶಾಸನ ಬೆಳಕಿಗೆ ಬಂದ ಮೇಲೆ ಅವನ ಅಣ್ಣನಾದ ಪಂಪನ ವಂಶವಿಚಾರವನ್ನೂ, ತಾಯಿಯ ಕಡೆಯ ಅಣ್ಣಿಗೇರಿಯ ಸಂಬಂಧವನ್ನೂ ಹೊಸದಾಗಿ ಬರೆಯಬೇಕಾಯಿತು. ಆದಿಕವಿಯ ಜೀವನ ಚರಿತ್ರೆಯ ಆಧಾರ ತೆಲುಗು ನಾಡಿನ ಬಂಡೆಯ ಮೇಲಿತ್ತು.

ಇಂದು ಶೋಧಗಂಗಾ ಎಂಬ ಕಣಜದಲ್ಲಿ ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಕಂಪ್ಯೂಟರಿನಲ್ಲಿಯೇ ಓದಲು ಸಿಗುತ್ತವೆ. ಇದು ದೊಡ್ಡ ಅನುಕೂಲ. ಆದರೆ ಕನ್ನಡ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ಒಬ್ಬೊಬ್ಬರು ಒಂದೊಂದು ಬಗೆಯ ಕಾಗುಣಿತವನ್ನು ಬಳಸುತ್ತಾರೆ. ಒಂದೇ ರೂಪದಿಂದ ಹುಡುಕಿ ಇಲ್ಲವೆಂದು ತೀರ್ಮಾನಿಸಬಾರದು. ಹಳೆಯ ಪುಸ್ತಕಗಳ ಪುಟಗಳನ್ನು ಚಿತ್ರರೂಪದಲ್ಲಿ ಮಾತ್ರ ಸೇರಿಸಿರುವೆಡೆ ಒಳಗಿನ ಪದಗಳು ಹುಡುಕಾಟಕ್ಕೆ ಸಿಗುವುದಿಲ್ಲ. ಅಲ್ಲಿ ಪುಟ ತಿರುವಿ ಓದುವುದೊಂದೇ ದಾರಿ.

ದೊರೆತದ್ದನ್ನು ಪರಿಶೀಲಿಸುವ ಕ್ರಮವನ್ನು ಕುರಿತು ಎರಡು ಮಾತು. ಪ್ರತಿಯೊಂದು ಅಭಿಪ್ರಾಯಕ್ಕೂ ಒಂದು ಚೀಟಿ ಮಾಡಿ ಅದರಲ್ಲಿ ನಾಲ್ಕು ಸಂಗತಿಗಳನ್ನು ಬರೆದುಕೊಳ್ಳುವುದು ಒಳ್ಳೆಯದು: ಯಾರು ಹೇಳಿದರು, ಯಾವ ವರ್ಷ ಹೇಳಿದರು, ಯಾವ ಆಧಾರದಿಂದ ಹೇಳಿದರು, ಯಾರು ವಿರೋಧಿಸಿದರು. ಹೀಗೆ ಚೀಟಿಗಳನ್ನು ಜೋಡಿಸಿದಾಗ ಹತ್ತು ಪುಸ್ತಕಗಳು ಹೇಳುವ ಮಾತಿಗೆ ಕೆಲವೊಮ್ಮೆ ಒಂದೇ ಆಧಾರವಿರುವುದು ಕಂಡುಬರುತ್ತದೆ. ಉಳಿದ ಒಂಬತ್ತು ಮೊದಲನೆಯದರ ಪುನರುಕ್ತಿಗಳು. ಸಂಖ್ಯೆಯಿಂದ ಮತಕ್ಕೆ ಬಲ ಬರುವುದಿಲ್ಲ. ಸಮೀಕ್ಷೆಯನ್ನು ಬರೆಯುವಾಗ ವಿದ್ವಾಂಸರ ಹೆಸರುಗಳ ಅನುಕ್ರಮವನ್ನು ಬಿಟ್ಟು ಕಾಲ, ಕರ್ತೃತ್ವ, ಮೂಲ, ಭಾಷೆ ಎಂಬ ಪ್ರಶ್ನೆಗಳ ಅನುಕ್ರಮವನ್ನು ಹಿಡಿಯಬೇಕು. ಆಗ ಯಾವ ಪ್ರಶ್ನೆ ಬಗೆಹರಿದಿದೆ, ಯಾವುದು ಉಳಿದಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ತನ್ನ ಸಂಶೋಧನೆಯ ಅವಶ್ಯಕತೆಯನ್ನು ವಿದ್ಯಾರ್ಥಿ ಸ್ಥಾಪಿಸಬೇಕಾದದ್ದು ಆ ಉಳಿದ ಪ್ರಶ್ನೆಯ ಮೇಲೆ.

ಯಾವ ಅಧ್ಯಯನವೂ ದೊರೆಯದಿದ್ದಾಗ, “ಇಂತಿಂತಹ ಗ್ರಂಥಾಲಯಗಳಲ್ಲಿ, ಇಂತಿಂತಹ ಸೂಚಿಗಳಲ್ಲಿ, ಇಂತಹ ವರ್ಷದವರೆಗಿನ ಪ್ರಕಟಣೆಗಳಲ್ಲಿ ನೋಡಲಾಯಿತು, ದೊರೆಯಲಿಲ್ಲ” ಎಂದು ಬರೆಯುವುದು ಪ್ರಾಮಾಣಿಕ ಕ್ರಮ. ಮುಂದಿನವನಿಗೆ ಎಲ್ಲಿಂದ ಹುಡುಕಬೇಕೆಂಬುದು ಆಗ ಗೊತ್ತಾಗುತ್ತದೆ.

ಕರ್ನಾಟಕದ ಹೊರಗೆ ಕನ್ನಡ ಸಂಶೋಧನೆ ನಡೆಸುವವರು ಆಕರಗಳು ದೂರವಿವೆಯೆಂದು ಕೊರಗುವುದುಂಟು. ಮೇಲಿನ ನಿದರ್ಶನಗಳು ಬೇರೊಂದನ್ನು ಹೇಳುತ್ತವೆ. ಮುಂಬಯಿ, ಸೊಲ್ಲಾಪುರ, ಚೆನ್ನೈ, ಹೈದರಾಬಾದು, ಕಾಶಿಗಳಲ್ಲಿ ಕನ್ನಡ ವಿದ್ವತ್ತಿನ ಗಣನೀಯ ಭಾಗ ಅಚ್ಚಾಗಿದೆ ಅಥವಾ ಉಳಿದಿದೆ. ಮರಾಠಿ, ತಮಿಳು, ತೆಲುಗು, ಹಿಂದಿಗಳ ನಡುವೆ ಬೆಳೆದ ಕನ್ನಡ ವಿದ್ಯಾರ್ಥಿ ಆ ಆಕರಗಳನ್ನು ಓದಲು ಹೆಚ್ಚು ಶಕ್ತನು. ತಾನಿರುವ ಊರಿನ ಗ್ರಂಥಾಲಯಗಳಲ್ಲಿ ಕನ್ನಡಕ್ಕೆ ಸಂಬಂಧಿಸಿದ ಅನ್ಯಭಾಷಾ ಬರಹಗಳ ಒಂದು ಸೂಚಿಯನ್ನು ಪ್ರತಿಯೊಬ್ಬ ಸಂಶೋಧಕನೂ ತನ್ನ ಪ್ರಬಂಧದ ಅನುಬಂಧವಾಗಿ ಕೊಟ್ಟರೆ, ಪ್ರಬಂಧದ ತೀರ್ಮಾನಗಳು ಮುಂದೆ ತಿದ್ದುಪಡಿಗೊಂಡರೂ ಆ ಸೂಚಿ ಬಹುಕಾಲ ಉಪಯೋಗಕ್ಕೆ ಬರುತ್ತದೆ.